ಅಯೋಗ್ಯ ಕೈಯ ರೊಟ್ಟಿ

ವರ್ಷಕ್ಕೊಮ್ಮೆ ಸುಮಿತ್ರಾ ಮೇಡಂ ನನ್ನನ್ನು ತಮ್ಮ ತರಗತಿಗೆ ಕರೆಸುತ್ತಾರೆ. ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದವರಿಗೆ ಕೈಕೆಲಸ ಕೊಟ್ಟು, ಮತ್ತೆ ದಿನದ ಬದುಕಿಗೆ ಮರಳಿಸುವ ವಿದ್ಯೆ ಕಲಿಯುವ ಹುಡುಗ ಹುಡುಗಿಯರು ಅಲ್ಲಿ ಕೂತಿರುತ್ತಾರೆ. ಅದಕ್ಕೆ ಔದ್ಯೋಗಿಕ ಚಿಕಿತ್ಸೆ ಎಂದು ದೊಡ್ಡ ಹೆಸರು. ನಾವು ರೋಗಿಗಳು ‘ಕೆಲಸದ ಕೋಣೆ’ ಎನ್ನುತ್ತಿದ್ದೆವು. ಆ ಮಕ್ಕಳು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ, ನಿಮ್ಮನ್ನು ಗುಣಪಡಿಸಿದ್ದು ಯಾವುದು ಎಂದು. ನಾನೂ ಒಂದೇ ಉತ್ತರ ಕೊಡುತ್ತೇನೆ: ಮಾತ್ರೆ, ನಮ್ಮವ್ವ, ಸಿಟ್ಟು. ಮೂರನೆಯದನ್ನು ಹೇಳುವಾಗ ಮೇಡಂ ಕಿಟಕಿಯ ಕಡೆ ನೋಡುತ್ತಾರೆ. ಮೊದಲೆರಡನ್ನು ಅವರು ಪಾಠದಲ್ಲಿ ಸೇರಿಸಿದ್ದಾರೆ, ಮೂರನೆಯದನ್ನು ಇನ್ನೂ ಸೇರಿಸಿಲ್ಲ.

ಇದನ್ನು ಬರೆಯಿರಿ ಎಂದವರೂ ಅವರೇ. ಇಂಥ ರೋಗ ಬಂದವರು ಓದಿದರೆ, ತಾವೊಬ್ಬರೇ ಅಲ್ಲ ಎಂದು ಧೈರ್ಯ ತಂದುಕೊಳ್ಳುತ್ತಾರಂತೆ. ತಂದುಕೊಳ್ಳಲಿ, ನನಗೂ ಅದೇ ಬೇಕು. ನಾನು ಇವತ್ತಿಗೂ ಮಾತ್ರೆ ನುಂಗುತ್ತೇನೆ, ನಡುವೆ ಎರಡು ಸಲ ಅದು ಮತ್ತೆ ಬಂದು ಹೋಗಿದೆ, ಆದರೂ ಬದುಕಿದ್ದೇನೆ. ಆದರೆ ನಾನು ಬರೆಯುತ್ತಿರುವುದು ಅದಕ್ಕೊಂದೇ ಅಲ್ಲ. ಕೊಟ್ಟೂರಿನಲ್ಲಿ ಇನ್ನೂ ಕೆಲವರು ಇದ್ದಾರೆ. ಅವರಿಗೂ ಓದಲು ಬರುತ್ತದೆ.

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನ ಗಂಡನ ಮನೆಯವರದು ಒಂದು ಖಾನಾವಳಿ. ಗಲ್ಲಾದ ಮೇಲೆ ನನ್ನ ಭಾವ ಕೊಟ್ರಪ್ಪ. ಹೆಸರು ಬರೆದದ್ದಕ್ಕೆ ಯಾರೂ ಗಾಬರಿಯಾಗಬೇಡಿ, ನಮ್ಮೂರಲ್ಲಿ ಒಂದು ಕಲ್ಲೆಸೆದರೆ ನಾಲ್ಕು ಜನ ಕೊಟ್ರಪ್ಪಂದಿರಿಗೆ ತಾಗುತ್ತದೆ. ಪಲ್ಯ, ಸಾರು ಮಾಡುವವಳು ಅವರ ಹೆಂಡತಿ, ಎಂದರೆ ನನ್ನ ನೆಗೆಣ್ಣಿ ಗೌರವ್ವ. ಸಂತೆ ಮಾಡಿ ತಂದು ಗಿರಾಕಿಗಳಿಗೆ ಬಡಿಸುವವರು ನನ್ನ ಮನೆಯವರು. ಅವರ ಹೆಸರನ್ನು ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಗೌರವಕ್ಕಲ್ಲ, ಹೆಸರು ಬರೆಯುವಂಥದ್ದು ಅವರೇನೂ ಮಾಡಲಿಲ್ಲ ಅದಕ್ಕೆ.

ರೊಟ್ಟಿ ನನ್ನದು. ಮದುವೆಯಾಗಿ ಬಂದ ವಾರಕ್ಕೆ ಒಲೆಯ ಮುಂದೆ ಕೂತವಳು ಹನ್ನೊಂದು ವರ್ಷ ಅಲ್ಲಿಂದ ಎದ್ದಿರಲಿಲ್ಲ. ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಹುಯ್ದು, ಸುಡುವಾಗಲೇ ನಾದಿ, ಎರಡೂ ಕೈಯಲ್ಲಿ ಬಡಿದು, ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರುವುದು. ನನ್ನ ಬಡಿತ ರಸ್ತೆಗೆ ಕೇಳುತ್ತಿತ್ತು. ಹರಪನಹಳ್ಳಿ ಬಸ್ಸಿನ ಡ್ರೈವರು ಆ ಸಪ್ಪಳ ನಿಂತಿದ್ದರೆ ಊಟ ಮುಗಿದಿದೆ ಎಂದು ಕೆಳಗಿಳಿಯುತ್ತಲೇ ಇರಲಿಲ್ಲವಂತೆ. ನನ್ನ ಕೈಗುಣವನ್ನು ಜನ ಹೊಗಳುತ್ತಿದ್ದರು, ನಾನು ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ. ನನಗೆ ಇದ್ದ ಆಸ್ತಿ ಅದೊಂದೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಬೇಸಿಗೆಯಲ್ಲಿ ನನಗೆ ನಿದ್ದೆ ಹೋಯಿತು. ಮೊದಲು ಸೆಖೆ ಎಂದುಕೊಂಡೆ. ಆಮೇಲೆ ಹಿಟ್ಟಿನ ವಾಸನೆ ಬೇರೆಯಾಯಿತು. ಗಿರಣಿಯಲ್ಲಿ ಯಾರೋ ಏನೋ ಕಲಸುತ್ತಿದ್ದಾರೆ ಎನ್ನಿಸಿತು. ಜರಡಿ ಹಿಡಿದೆ, ಮತ್ತೆ ಹಿಡಿದೆ, ಒಂದು ಡಬ್ಬಿ ಹಿಟ್ಟನ್ನು ಹಿತ್ತಲಿಗೆ ಸುರಿದೆ. ಗೌರವ್ವ ಬೈದಳು. ನನಗೆ ಅವಳ ಬೈಗುಳದೊಳಗೆ ಬೇರೆ ಮಾತು ಕೇಳತೊಡಗಿತು.

ಒಂದು ಸೋಮವಾರ ಮಧ್ಯಾಹ್ನ ಖಾನಾವಳಿ ತುಂಬಿತ್ತು. ನಾನು ಒಲೆ ಬಿಟ್ಟು ಎದ್ದು ಹೊರಗೆ ಬಂದು, ಉಣ್ಣುತ್ತಿದ್ದವರ ತಾಟುಗಳನ್ನು ಕಿತ್ತುಕೊಂಡೆ. “ಉಣ್ಣಬ್ಯಾಡ್ರಿ! ಇದ್ರಾಗ ಇಸ ಐತಿ! ನಾನೇ ಬಡದೀನಿ, ನಂಗೊತ್ತು!” ಎಂದು ಕೂಗಿದೆ. ಒಬ್ಬ ಮುದುಕ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡ. ಅರ್ಧ ಗಂಟೆಯಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಆ ದಿನಕ್ಕಾಗಿ ನಾನು ಯಾರ ಮೇಲೂ ಹಲ್ಲು ಮಸೆಯುವುದಿಲ್ಲ. ಅದನ್ನು ಮಾಡಿದವಳು ನಾನು, ಮಾಡಿಸಿದ್ದು ರೋಗ. ಎರಡು ತಿಂಗಳು ಖಾನಾವಳಿಗೆ ಜನ ಬರಲಿಲ್ಲ ಎಂದು ಆಮೇಲೆ ಕೇಳಿದೆ. ಭಾವನಿಗೆ ಸಿಟ್ಟು ಬಂದದ್ದು ತಪ್ಪಲ್ಲ.

ಗಾಳಿ ಸೋಕಿದೆ ಎಂದು ದಾರ ಕಟ್ಟಿಸಿದರು. ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ನನ್ನ ತವರೂರು ಕೋಗಳಿಯಿಂದ ನಮ್ಮವ್ವ ಬಂದವಳು, ನನ್ನ ಬೆನ್ನ ಮೇಲಿನ ಬಾಸುಂಡೆ ನೋಡಿ, “ಇನ್ನೊಂದು ಸಲ ಇಕಿ ಮೈ ಮುಟ್ಟಿದ್ರ ನಾನು ಸುಮ್ನಿರಾಕಿ ಅಲ್ಲ” ಎಂದು ಅಳಿಯನ ಕೈ ಹಿಡಿದು ಹೊರಡಿಸಿದಳು. ಹಗರಿಬೊಮ್ಮನಹಳ್ಳಿಯ ಸರಕಾರಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಬಸ್ಸು, ರೈಲು, ಮತ್ತೆ ಬಸ್ಸು ಹಿಡಿದು ದೊಡ್ಡ ಊರಿನ ಮಾನಸಿಕ ಆಸ್ಪತ್ರೆ ಮುಟ್ಟಿದೆವು.

ಅಲ್ಲಿ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದೆವು. ನಾನು ಹನ್ನೆರಡು ದಿನದಿಂದ ತಲೆ ಬಾಚಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ತನ್ನ ತಮ್ಮನನ್ನು ಕರೆತಂದಿದ್ದಳು. ಅವನು ಗೋಡೆಯ ಜೊತೆ ಮಾತಾಡುತ್ತಿದ್ದ.

“ಯಾ ಊರವ್ವ ನಿಂದು?” ಎಂದಳು.

ಅವ್ವ “ಕೊಟ್ಟೂರು” ಎಂದಳು.

“ಅಯ್ಯ, ನಮ್ದು ಹಡಗಲಿ! ನಮ್ಮ ಮಗ್ಗಲದವ್ರ ಆದ್ರಿ ನೀವು.” ಇಷ್ಟು ಹೇಳಿ ಚೀಲದಿಂದ ಬಾಚಣಿಗೆ ತೆಗೆದು, ಕೇಳದೆಯೇ ನನ್ನ ತಲೆ ಬಿಡಿಸಲು ಕೂತಳು. ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಜಡೆ ಹಾಕಿ, ಮಡಿಲಿಗೆ ಒಂದು ಹಿಡಿ ಮಂಡಕ್ಕಿ ಹಾಕಿದಳು. ನಾನು ತಿಂದೆ. ವಿಷವೆಂದು ಅನ್ನಿಸಲಿಲ್ಲ. ಆ ಹೆಂಗಸಿನ ಹೆಸರನ್ನು ನಾನು ಕೇಳಲಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಇದು ಅವಳಿಗೆ ನನ್ನ ನಮಸ್ಕಾರ.

ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿದ್ದೆ. ತಲೆಗೆ ಕರೆಂಟು ಕೊಟ್ಟರು, ಮಾತ್ರೆ ಕೊಟ್ಟರು. ಬಾಯಿ ಒಣಗಿತು, ಕೈ ನಡುಗಿತು, ಕೆಲವು ವಾರಗಳು ನೆನಪಿನಿಂದಲೇ ಅಳಿಸಿಹೋದವು. ಆದರೆ ನಿದ್ದೆ ಬಂತು. ಹಿಟ್ಟಿನ ಮೇಲಿನ ಅನುಮಾನ ಹೋಯಿತು. ಒಂದು ದಿನ ನಾನು ಮಾಡಿದ್ದೆಲ್ಲ ಒಮ್ಮೆಲೇ ನೆನಪಾಗಿ, ಮುಸುಕು ಹಾಕಿಕೊಂಡು ಅತ್ತೆ. ಹಾಗೆ ಅತ್ತದ್ದು ಒಳ್ಳೆಯ ಲಕ್ಷಣ ಎಂದು ನರ್ಸಮ್ಮ ಹೇಳಿದರು.

ಆಮೇಲೆ ಕೆಲಸದ ಕೋಣೆಗೆ ಕಳಿಸಿದರು. ಸುಮಿತ್ರಾ ಮೇಡಂ ಅದರ ಯಜಮಾನಿ. ಪಾಠವನ್ನೂ ಮಾಡುತ್ತಿದ್ದರು, ಮನೆಗೆ ಮರಳಿದ ರೋಗಿಗಳು ಕೆಲಸ ಹಿಡಿಯುತ್ತಾರೋ ಇಲ್ಲವೋ ಎಂದು ಸಂಶೋಧನೆಯನ್ನೂ ಮಾಡುತ್ತಿದ್ದರು. ನನ್ನನ್ನು ಕಾಗದದ ಕವರು ಅಂಟಿಸಲು ಹಾಕಿದರು. ಎರಡು ತಿಂಗಳು ಕವರು ಅಂಟಿಸಿದೆ. ಮನೆಗೆ ಕಳಿಸುವ ಮುಂಚೆ ಒಂದು ಪರೀಕ್ಷೆ ಇರುತ್ತಿತ್ತು. ಗಂಡಸರಿಗೆ ಬಡಗಿ ಕೆಲಸ, ಹೆಂಗಸರಿಗೆ ಅಡುಗೆ. ನನ್ನ ಪರೀಕ್ಷೆಯ ದಿನ ಮೇಡಂ ಇರಲಿಲ್ಲ. ಕನ್ನಡಕದ ಒಬ್ಬ ವಿದ್ಯಾರ್ಥಿನಿ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ನಿಂತಿದ್ದಳು. ಮುಂದೆ ಗೋಧಿ ಹಿಟ್ಟು, ನೀರು, ಲಟ್ಟಣಿಗೆ.

“ನಾಲ್ಕು ಚಪಾತಿ ಮಾಡಿ ತೋರಿಸಿ” ಎಂದಳು.

ಚಪಾತಿ ನನಗೆ ಗೊತ್ತಿಲ್ಲವೆಂದಲ್ಲ, ಹಬ್ಬ ಹುಣ್ಣಿಮೆಗೆ ಮಾಡಿದ್ದೆ. ಆದರೆ ಆ ದಿನ ಮಾತ್ರೆಯ ಮಂಪರು ಕಣ್ಣಿನ ಮೇಲಿತ್ತು, ಕೈ ತನಗೆ ಹನ್ನೊಂದು ವರ್ಷ ರೂಢಿಯಾದದ್ದನ್ನೇ ಮಾಡಿತು. ಒಲೆಯ ಮೇಲೆ ನೀರು ಕುದಿಸಿದೆ. ಕುದಿಯುವ ನೀರನ್ನು ಗೋಧಿ ಹಿಟ್ಟಿಗೆ ಹುಯ್ದೆ. ಅದು ಕವರಿಗೆ ಹಚ್ಚುವ ಅಂಟಿನಂತಾಯಿತು. ಲಟ್ಟಣಿಗೆಯನ್ನು ಅಡ್ಡಿ ಎಂದು ಪಕ್ಕಕ್ಕೆ ಸರಿಸಿ ಕೈಯಿಂದ ಬಡಿಯತೊಡಗಿದೆ. ಹಿಟ್ಟು ಅಂಗೈಗೆ ಮೆತ್ತಿತು, ಕಟ್ಟೆಗೆ ಮೆತ್ತಿತು. ಹುಡುಗಿ “ಲಟ್ಟಣಿಗೆ ತಗೊಳ್ಳಿ” ಎಂದಳು. “ರೊಟ್ಟಿಗ್ಯಾಕವ್ವ ಅದು?” ಎಂದೆ. ಅವಳು ಬರೆದುಕೊಂಡಳು. ನಾನು ಬಡಿದಷ್ಟೂ ಅವಳು ಬರೆಯುತ್ತಲೇ ಹೋದಳು. ಮೇಡಂ ಮರುದಿನ ಬಂದು, ಓದಿ, ಕೆಳಗೆ ರುಜು ಹಾಕಿದರು.

ಆ ಕಾಗದ ನನ್ನ ಜೊತೆಗೇ ಊರಿಗೆ ಬಂತು. ಇಂಗ್ಲಿಷಿನಲ್ಲಿತ್ತು. ಕೂಡ್ಲಿಗಿಯ ವಕೀಲರ ಗುಮಾಸ್ತರೊಬ್ಬರು ವಾರಕ್ಕೆರಡು ಸಲ ನಮ್ಮಲ್ಲಿ ಉಣ್ಣುತ್ತಿದ್ದರು. ಭಾವ ಅವರ ಕೈಗೆ ಕೊಟ್ಟು, ತುಂಬಿದ ಖಾನಾವಳಿಯ ನಡುವೆ ಕನ್ನಡ ಮಾಡಿ ಓದಿಸಿದರು. ನಾನು ಒಳಬಾಗಿಲ ಹಿಂದೆ ನಿಂತು ಕೇಳಿದೆ. ಗಮನ ನಿಲ್ಲುವುದಿಲ್ಲ. ಸಲಕರಣೆ ಬಳಸಲು ತಿಳಿಯುವುದಿಲ್ಲ. ಹೇಳಿದಂತೆ ನಡೆಯುವುದಿಲ್ಲ. ಅಡುಗೆ ಕೆಲಸಕ್ಕೆ ಅಯೋಗ್ಯ.

“ಇನ್ನೊಮ್ಮಿ ಓದ್ರಿ, ಆ ಮೂಲ್ಯಾಗಿನವ್ರಿಗೆ ಕೇಳಲಿಲ್ಲ” ಎಂದರು ಭಾವ.

ಗುಮಾಸ್ತರು ಎರಡನೆಯ ಸಲ ಓದಿದರು. ಇನ್ನು ಒಲೆಯ ಮುಂದೆ ನಾನಿರುವುದಿಲ್ಲ ಎಂದು ಗಿರಾಕಿಗಳಿಗೆ ಧೈರ್ಯ ಬರಲಿ ಅಂತ ಹಾಗೆ ಮಾಡಿಸಿದ್ದು, ವ್ಯಾಪಾರಸ್ಥರ ಲೆಕ್ಕ, ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಮರೆಯಬೇಕೆಂದಿಲ್ಲ. ಕಾಗದವನ್ನು ಮಡಚಿ ಗಲ್ಲಾದ ಮೇಲಿನ ದೇವರ ಫೋಟೋದ ಹಿಂದೆ ಸಿಕ್ಕಿಸಿದರು. ಯಾರಾದರೂ ಅನುಮಾನಪಟ್ಟರೆ ತೆಗೆದು ತೋರಿಸುತ್ತಿದ್ದರು.

ಅಂದಿನಿಂದ ನನಗೆ ಯಾರೂ ಬೈಯಲಿಲ್ಲ. ಅದು ಹೊಡೆತಕ್ಕಿಂತ ಕೆಟ್ಟದ್ದು. ನೀರಿನ ಕೊಡ ಮುಟ್ಟಿದರೆ “ಬ್ಯಾಡವ್ವ, ನೀ ಕುಂದ್ರು.” ಕಸಬರಿಗೆ ಹಿಡಿದರೆ “ಬ್ಯಾಡವ್ವ, ದಣಿತಿ.” ಒಲೆಯ ಕೋಣೆಗೆ ಕಾಲಿಟ್ಟರೆ ಗೌರವ್ವ ಈಳಿಗೆಮಣೆಯನ್ನು ಸೆರಗಿನ ಹಿಂದೆ ಸರಿಸುತ್ತಿದ್ದಳು. ನನಗೆ ಬೇರೆ ತಾಟು, ಬೇರೆ ಲೋಟ. ಮೂರು ಹೊತ್ತೂ ಮೊದಲು ನನಗೇ ಬಡಿಸುತ್ತಿದ್ದರು, ಒಳಕೋಣೆಯಲ್ಲಿ. ಗೌರವ್ವನ ರೊಟ್ಟಿ ದಪ್ಪ, ಅಂಚು ಹಸಿ. ಇದನ್ನು ಬರೆಯುವಾಗ ನನಗೆ ಬಹಳ ಖುಷಿಯಾಗುತ್ತಿದೆ.

ಗಂಡನನ್ನು ಕೇಳಿದೆ. “ನಾನು ಒಂದು ರೊಟ್ಟಿ ಬಡೀತೀನ್ರಿ, ನೀವೊಬ್ರ ಉಣ್ರಿ. ನೋಡೂನು.”

ಅವರು ಚಪ್ಪಲಿ ಮೆಟ್ಟುತ್ತಿದ್ದರು. “ಅಣ್ಣ ಬ್ಯಾಡ ಅಂದಾನ” ಎಂದರು. “ಗಿರಾಕಿ ಹೆದರ್ತಾವ.”

“ಗಿರಾಕಿಗೆ ಹೇಳಿಲ್ರಿ, ನಿಮ್ಗ ಹೇಳಿದೆ.”

ಅವರು ಸಂತೆಗೆ ಹೋದರು. ಹನ್ನೊಂದು ವರ್ಷ ನನ್ನ ಕೈಯ ಅನ್ನ ಉಂಡ ಮನುಷ್ಯ. ಅವರು ಆ ದಿನ ಒಂದು ತುತ್ತು ಉಂಡಿದ್ದರೆ ಈ ಬರಹದ ಅರ್ಧ ಭಾಗ ಇರುತ್ತಿರಲಿಲ್ಲ. ನಾನು ಚಾಪೆಯ ಮೇಲೆ ಮಲಗಿದೆ. ಆರೆಂಟು ವಾರ ಕಳೆಯುವುದರಲ್ಲಿ ಮುಖ ತೊಳೆಯುವುದಕ್ಕೂ ಏಳದಂತಾದೆ. ವಿಷದ ಯೋಚನೆ ಮರಳಿ ಬರಲಿಲ್ಲ, ಸುಮ್ಮನೆ ಎಲ್ಲ ಸಾಕೆನಿಸಿತ್ತು. ನೋಡಿದವರು ಕಾಗದದಲ್ಲಿ ಬರೆದದ್ದು ನಿಜ ಎಂದರು.

ಅವ್ವ ಮತ್ತೆ ಬಂದಳು, ಕೋಗಳಿಗೆ ಕರೆದೊಯ್ದಳು. ಮೂರನೆಯ ದಿನ ಬೆಳಿಗ್ಗೆ ಹಿಟ್ಟಿನ ಬುಟ್ಟಿ ತಂದು ನನ್ನ ಮುಂದೆ ಕುಕ್ಕಿದಳು. “ನಂಗ ಕಣ್ಣು ಮಂದ ಆಗ್ಯಾವ. ಎಸರು ಕುದೀತೈತಿ. ಬಡಿ.”

“ನಂಗ ಆಗಂಗಿಲ್ಲವ್ವ. ಕಾಗದದಾಗ ಬರದಾರ.”

“ನಂಗೇನು ಕಾಗದ ಓದಾಕ ಬರ್ತೈತೇನು? ಬಡಿ ಅಂದ್ನೆಲ್ಲ.”

ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹೆಂಚಿಗೆ ಹಾಕುವಾಗ ಮಡಚಿಕೊಂಡು ಹೊತ್ತಿತು. ನಾನು ಅದನ್ನು ಅಡಗಿಸುವಷ್ಟರಲ್ಲಿ ಅವ್ವ ಕಿತ್ತುಕೊಂಡು, ಹಸಿಮೆಣಸಿನ ಚಟ್ನಿ ಹಚ್ಚಿ, ನನ್ನೆದುರಿಗೇ ಕೂತು ತಿಂದಳು. ತಿನ್ನುತ್ತಲೇ ಬೈದಳು. “ಇದೇನ್ ರೊಟ್ಟಿನೋ ಚಪ್ಲಿನೋ? ಅಂಚು ದಪ್ಪ. ನಡುವ ಹಸಿ. ಇದನ್ನ ಕಲ್ಸಿದ್ನೇನ ನಿಂಗ? ಇನ್ನೊಂದು ಬಡಿ.”

ಎಷ್ಟೋ ತಿಂಗಳಾದ ಮೇಲೆ ನನಗೆ ಯಾರೋ ಬೈದಿದ್ದರು. ಕಣ್ಣಲ್ಲಿ ನೀರು ಬಂತು, ಜೊತೆಗೆ ಒಳಗೆಲ್ಲೋ ಸಿಟ್ಟೂ ಬಂತು. ಇನ್ನೊಂದು ಬಡಿದೆ. ಅದು ಸುಮಾರಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಕೈ ಪೂರ್ತಿ ಮರಳಿತು. ಅಕ್ಕಪಕ್ಕದವರು ಮೊದಮೊದಲು ಹೆದರಿದರು, ಆಮೇಲೆ ಅವ್ವ ದಿನವೂ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕಾಣುವಂತೆ ಉಣ್ಣುವುದನ್ನು ನೋಡಿ ಸುಮ್ಮನಾದರು.

ಆ ಚಳಿಗಾಲದಲ್ಲಿ ಸುಮಿತ್ರಾ ಮೇಡಂ ಬಂದರು. ಮನೆಗೆ ಮರಳಿದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಲು ಹಡಗಲಿ, ಹರಪನಹಳ್ಳಿ ಕಡೆಯೆಲ್ಲ ಸುತ್ತುತ್ತಿದ್ದರು. ಬಸ್ಸಿನ ಧೂಳು ಹೊತ್ತುಕೊಂಡು, ಪ್ರಶ್ನೆಗಳ ಪಟ್ಟಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ನಿಂತಲ್ಲೇ ನಿಂತರು. ಅಂಗೈಯ ಕೆಳಗೆ ಮುದ್ದೆ ತಿರುಗುತ್ತಾ ಅಗಲವಾಗುವುದನ್ನು, ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹೆಂಚಿಗೆ ಹಾಕುವುದನ್ನು ನೋಡುತ್ತಾ ಚೀಲವನ್ನೂ ಕೆಳಗಿಡಲಿಲ್ಲ.

“ನೀಲವ್ವ, ನಿಮಗೆ ಅಡುಗೆ ಬರುವುದಿಲ್ಲ ಅಂತ ನನ್ನ ಹತ್ತಿರ ಬರೆದಿದೆಯಲ್ಲ” ಎಂದರು.

ನನಗೆ ರಕ್ತ ತಲೆಗೇರಿತು. ಮನೆಗೆ ಬಂದವರೆಂದು ನೀರು, ಬೆಲ್ಲ ಕೊಟ್ಟೆ. ಕೊಟ್ಟ ಮೇಲೆ ಮಣೆಯ ಮುಂದೆ ಕೂರಲು ಹೇಳಿದೆ. “ಒಂದು ರೊಟ್ಟಿ ಬಡೀರಿ ಮೇಡಂ.”

“ನನಗೆ ಬರಲ್ಲ.”

“ನೋಡೂನ್ರಿ. ಬಡೀರಿ.”

ಅವರು ಸೆರಗು ಸಿಕ್ಕಿಸಿ ಕೂತರು. ಎಸರಿನ ಹಿಟ್ಟು ಸುಟ್ಟು ಕೈ ಜಾಡಿಸಿದರು. ತಟ್ಟಿದರು, ಅಂಚು ಬಿರಿಯಿತು. ಎತ್ತಲು ಹೋದರು, ಮೂರು ಚೂರಾಯಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ನಗಲಿಲ್ಲ.

“ಈಗ ಬರ್ಕೋರಿ” ಎಂದೆ. “ಗಮನ ನಿಲ್ಲಂಗಿಲ್ಲ. ಕೈ ಹಿಡ್ತ ಇಲ್ಲ. ಅಡಗಿ ಕೆಲ್ಸಕ್ಕ ಅಯೋಗ್ಯ. ಬರ್ಕೊಂಡು ಕೆಳಗ ರುಜು ಹಾಕ್ರಿ. ನಿಮ್ಮ ಮನಿಯವ್ರಿಗೆ ಕಳಸ್ತೀನಿ, ಅವ್ರು ಜನದ ಮುಂದ ಓದಿಸ್ಲಿ.”

ಅವರು ಮಣೆಯ ಮುಂದೆ ಕೂತಂತೆಯೇ ಎಲ್ಲವನ್ನೂ ಕೇಳಿಸಿಕೊಂಡರು. ಚಪಾತಿಯ ದಿನ, ಗುಮಾಸ್ತರು, ದೇವರ ಫೋಟೋ. ಮುಖ ಕಪ್ಪಿಟ್ಟಿತು. ತಪ್ಪಾಯಿತು ಎಂದರು. ಇಷ್ಟು ವರ್ಷದಲ್ಲಿ ನನಗೆ ಆ ಮಾತು ಹೇಳಿದವರು ಅವರೊಬ್ಬರೇ, ಆದ್ದರಿಂದಲೇ ಅವರ ತರಗತಿಗೆ ಹೋಗುತ್ತೇನೆ. ಕನ್ನಡದಲ್ಲೇ ಹೊಸ ಕಾಗದ ಬರೆದುಕೊಡುತ್ತೇನೆ ಎಂದರು. ನಾನು ಬೇಡವೆಂದೆ. ಕಾಗದಕ್ಕೆ ಕಾಗದ ತೋರಿಸಿದರೆ ಭಾವ ಯಾವುದು ಬೇಕೋ ಅದನ್ನೇ ಓದಿಸುತ್ತಾರೆ.

ಹೊರಡುವಾಗ ಮೇಡಂ ಒಂದು ಮಾತು ಹೇಳಿದರು. “ನಾವು ಆಸ್ಪತ್ರೆಯಲ್ಲಿ ಸುಮ್ಮನೆ ಕೆಲಸ ಕೊಡ್ತೀವಿ. ನೀವು ಅಂಟಿಸಿದ ಕವರು ಯಾರಿಗೂ ಬೇಕಾಗಿರಲಿಲ್ಲ. ಮಾಡಿದ್ದನ್ನು ಇನ್ನೊಬ್ಬರು ಬೇಕು ಅಂತ ತಗೊಂಡಾಗಲೇ ಅದು ಕೆಲಸ ಆಗೋದು.” ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ನನ್ನ ತಲೆಯಲ್ಲಿ ಅದು ಬೇರೆ ದಾರಿ ಹಿಡಿಯಿತು.

ನಮ್ಮ ಓಣಿಯ ಸಿದ್ದವ್ವ ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ, ಬುಟ್ಟಿಯಲ್ಲಿ ಪೇರಿಸಿ, ಬಸ್ಸಿನಲ್ಲಿ ಕೊಟ್ಟೂರಿಗೆ ಒಯ್ದು ಖಾನಾವಳಿಗಳಿಗೆ ಹಾಕುತ್ತಿದ್ದಳು. ನನ್ನ ನೆಗೆಣ್ಣಿಗೆ ಗಿರಾಕಿಗಳ ವೇಗಕ್ಕೆ ಬಡಿಯಲಾಗದೆ ಭಾವನೂ ಸಿದ್ದವ್ವನಿಂದ ಕೊಳ್ಳತೊಡಗಿದ್ದರು. ಖಡಕ್ ರೊಟ್ಟಿ ಒಣಗಿ ಪೇರಿಸಿದ ಮೇಲೆ ಯಾರ ಕೈಯದೆಂದು ಹೇಳುವವರಿಲ್ಲ. ನಾನು ಸಿದ್ದವ್ವನ ಮನೆಗೆ ಹೋಗಿ ಹೇಳಿದೆ.

“ಕೊಟ್ಟೂರಾಗ ನಮ್ಮ ಖಾನಾವಳಿಗೆ ಹಾಕೋವು ನಾನು ಬಡೀತೀನಿ. ನೀ ಬಾಯಿ ಬಿಡಬ್ಯಾಡ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಗೊತ್ತಾದ್ರ ನನ್ನ ಗಿರಾಕಿ ಹೋಗ್ತೈತೆಲ್ಲ ಲೇ.”

“ಹೌದು.”

“ಹೋದ್ರ ಹೋತು” ಎಂದು ಸಿದ್ದವ್ವ ತೊಡೆ ತಟ್ಟಿ ನಕ್ಕಳು. ಅವಳೂ ಗಂಡ ಸತ್ತ ಮೇಲೆ ಮೈದುನರ ಕೈಯಲ್ಲಿ ನೊಂದವಳು.

ಒಂದು ವರ್ಷ ಹಾಗೆ ನಡೆಯಿತು. ದಿನವೂ ಸಂಜೆ ಸಿದ್ದವ್ವ ಖಾಲಿ ಬುಟ್ಟಿಯ ಜೊತೆ ಸುದ್ದಿ ತರುತ್ತಿದ್ದಳು. ಗಿರಾಕಿಗಳು ‘ಕೋಗಳಿ ರೊಟ್ಟಿ’ ಬಂದಿದೆಯೇ ಎಂದು ಕೇಳಿ ಕೂರುತ್ತಾರಂತೆ. ಭಾವ ಎರಡು ಬೆರಳಲ್ಲಿ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, “ಇದಪಾ ಕೈ ಅಂದ್ರ! ನಮ್ಮ ಮನ್ಯಾಗ ಇಂಥಾದು ಹುಟ್ಟಲಿಲ್ಲ ನೋಡು” ಎನ್ನುತ್ತಾರಂತೆ. ಸಿದ್ದವ್ವ ಹೊಟ್ಟೆ ಮುಂದೆ ಮಾಡಿ ಅವರ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು. ನಾನು ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಆ ವರ್ಷ ನಾನು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಇನ್ನೊಮ್ಮೆ ಹಾಸಿಗೆ ಹಿಡಿದರೆ ಈ ಸೇಡು ಯಾರು ತೀರಿಸಬೇಕು ಎಂಬ ಚಿಂತೆ.

ಒಂದನ್ನು ಮುಚ್ಚಿಡುವುದಿಲ್ಲ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿರುವಾಗ, ಇದರಲ್ಲಿ ನಿಜಕ್ಕೂ ಏನಾದರೂ ಕಲಸಿದರೆ ಹೇಗೆ ಎಂಬ ಯೋಚನೆ ಬಂತು. ಕೈ ನಿಂತಿತು. ರೋಗ ಮರಳಿತೆಂದು ಮೈ ಬೆವತು ಅವ್ವನಿಗೆ ಹೇಳಿದೆ. ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು. “ಆವಾಗ ಇಸ ಐತಿ ಅಂತ ನಂಬಿದ್ದಿ. ಈಗ ಹಾಕ್ಲೇನು ಅಂತ ಅನ್ನಿಸೈತಿ, ಹಾಕಿಲ್ಲ. ಅದು ರೋಗ, ಇದು ಸಿಟ್ಟು. ಸಿಟ್ಟು ಎಲ್ಲಾರಿಗೂ ಬರ್ತೈತಿ. ಎಸರು ಆರೀತು, ಬಡಿ” ಎಂದಳು. ಆ ಎರಡರ ಗೆರೆಯನ್ನು ಅಷ್ಟು ಚೆನ್ನಾಗಿ ಎಳೆದುಕೊಟ್ಟವರು ಆಸ್ಪತ್ರೆಯಲ್ಲೂ ಇರಲಿಲ್ಲ. ಈಗ ತರಗತಿಯ ಮಕ್ಕಳಿಗೆ ಇದನ್ನೇ ಹೇಳುತ್ತೇನೆ.

ವರ್ಷ ತುಂಬಿದಾಗ ಮೇಡಂ ಇಬ್ಬರು ವಿದ್ಯಾರ್ಥಿನಿಯರ ಜೊತೆ ಮತ್ತೆ ಬಂದರು. ಕೆಲಸ ಹೇಗಿದೆ, ಯಾರಿಗೆ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಅವರ ಪೆನ್ನು ನಿಂತಿತು.

“ಇದು ಸರಿಯಲ್ಲ ನೀಲವ್ವ. ತಿನ್ನುವವರಿಗೆ ಯಾರ ಕೈಯದು ಅಂತ ಗೊತ್ತಿರಬೇಕು.”

“ಗೊತ್ತು ಮಾಡಾಕ ಹೊಂಟೀನ್ರಿ. ನಾಳಿ ಮಧ್ಯಾಹ್ನ. ನೀವೂ ಬರ್ರಿ, ಊಟಕ್ಕ.”

“ಸೇಡು ತೀರಿಸಿಕೊಂಡರೆ ನಿಮಗೆ ಒಳ್ಳೆಯದಾಗುತ್ತೆ ಅಂತ ನಾನು ಹೇಳಲಾರೆ” ಎಂದರು.

“ಹೇಳಬ್ಯಾಡ್ರಿ. ಊಟ ಮಾಡ್ರಿ ಸಾಕು.”

ಮರುದಿನ ಮೇಡಂ ಮತ್ತು ಆ ಹುಡುಗಿಯರು ಮೊದಲೇ ಹೋಗಿ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಖಾನಾವಳಿ ತುಂಬಿತ್ತು. ನಾನು ಬುಟ್ಟಿ ಹೊತ್ತು ಒಳಗೆ ಬಂದೆ, ಸಿದ್ದವ್ವ ನನ್ನ ಹಿಂದೆ. ಭಾವ ಗಲ್ಲಾದ ಮೇಲೆ ತಾಟಿಟ್ಟುಕೊಂಡು ಉಣ್ಣುತ್ತಿದ್ದರು. ಹಿಂದಿನ ದಿನದ ಬುಟ್ಟಿಯ ರೊಟ್ಟಿ ಮುರಿದು ಪುಂಡಿಪಲ್ಯ ಎತ್ತಿದ್ದ ಕೈ ಅಲ್ಲೇ ನಿಂತಿತು.

“ನೀ ಯಾಕ ಬಂದಿ?”

“ರೊಟ್ಟಿ ತಂದೀನ್ರಿ ಭಾವಾರ.”

“ಅದು ಸಿದ್ದವ್ವನ ಬುಟ್ಟಿ.”

“ಬುಟ್ಟಿ ಆಕೀದು. ರೊಟ್ಟಿ ನಂದು. ಒಂದು ವರ್ಷದಿಂದ ಆಕಿ ಹೊರ್ತಾಳ, ನಾನು ಬಡೀತೀನಿ.” ದನಿ ಏರಿಸಿ ಎಲ್ಲರ ಕಡೆ ತಿರುಗಿದೆ. “ನೀವೆಲ್ಲ ಕೋಗಳಿ ರೊಟ್ಟಿ ಅಂತ ಉಣ್ಣಾಕತ್ತಿದ್ದು ನನ್ನ ಕೈಯವು. ನಾನು ಈ ಮನಿ ಸೊಸಿ, ತಾಟು ಕಸ್ಕೊಂಡಾಕಿ.”

ಜಗಿಯುವ ಸಪ್ಪಳ ನಿಂತಿತು. ಬಾಗಿಲ ಬಳಿ ಕೂತಿದ್ದ ಒಬ್ಬರು ಎದ್ದು, ಕೈ ತೊಳೆದು, ಹೊರಗೆ ಹೋದರು. ಅವರು ಮತ್ತೆಂದೂ ಬರಲಿಲ್ಲ. ಗೌರವ್ವ ಸೌಟು ಹಿಡಿದು ಬಾಗಿಲಿಗೆ ಬಂದಳು. ನನ್ನ ಮನೆಯವರು ಸಾರಿನ ಬಕೆಟ್ಟು ಹಿಡಿದು ನೆಲ ನೋಡುತ್ತಾ ನಿಂತರು.

ಭಾವ ಎಡಗೈಯಿಂದ ದೇವರ ಫೋಟೋದ ಹಿಂದಿನಿಂದ ಕಾಗದ ಎಳೆದರು. “ಆಸ್ಪತ್ರಿಯವ್ರು ಬರದಾರ! ಇಕಿ ಅಡಗಿಗೆ ಅಯೋಗ್ಯ ಅಂತ ಸರಕಾರಿ ಕಾಗದ ಐತಿ!”

ಮೂಲೆಯಿಂದ ಮೇಡಂ ಎದ್ದರು. “ಆ ಕಾಗದಕ್ಕೆ ರುಜು ಹಾಕಿದವಳು ನಾನು. ನಾನು ಕಣ್ಣಾರೆ ನೋಡದೆ ಹಾಕಿದೆ. ಅದರಲ್ಲಿರುವುದು ತಪ್ಪು” ಎಂದರು. ಕೂತು, ತಾಟಿನಲ್ಲಿದ್ದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಪಕ್ಕದ ಹುಡುಗಿಯರೂ ಮುರಿದರು.

ಉಳಿದವರು ಯಾರೂ ಕೈ ಆಡಿಸಲಿಲ್ಲ. ಎಲ್ಲರೂ ಗಲ್ಲಾದ ಕಡೆ ನೋಡುತ್ತಿದ್ದರು. ನಡುವಿನ ಸಾಲಿನಲ್ಲಿದ್ದ ಶೇಂಗಾ ಖರೀದಿಯ ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು. “ಕೊಟ್ರಪ್ಪ, ಒಂದು ವರ್ಷ ನಮ್ಗ ಇದನ್ನ ಬಡಿಸೀಯಲ್ಲ. ಕೈಯಾಗ ತುತ್ತು ಐತಿ. ನೀ ಉಣ್ಣು ಮೊದ್ಲು, ನಾವು ನೋಡ್ತೀವಿ.”

ಭಾವನ ಮುಖದ ಮೇಲೆ ಬೆವರು ಮೂಡಿತು. ತುತ್ತು ಕೆಳಗಿಟ್ಟರೆ ಇಷ್ಟು ಜನಕ್ಕೆ ಹುಚ್ಚಿಯ ರೊಟ್ಟಿ ತಿನ್ನಿಸಿದವರು ತಾವೇ ಎಂದು ಒಪ್ಪಿದಂತೆ. ಬಾಯಿಗಿಟ್ಟರೆ ನನ್ನ ಕೈಗೆ ಏನೂ ಆಗಿಲ್ಲ ಎಂದು ಒಪ್ಪಿದಂತೆ. ಆ ಲೆಕ್ಕ ಅವರ ಕಣ್ಣಿನಲ್ಲಿ ಓಡುವುದನ್ನು ನಾನು ಬುಟ್ಟಿ ಹೊತ್ತುಕೊಂಡೇ ನೋಡಿದೆ. ಅವಸರ ಮಾಡಲಿಲ್ಲ. ಒಂದು ವರ್ಷ ಕಾದವಳಿಗೆ ಅಷ್ಟು ಹೊತ್ತು ಹೆಚ್ಚಲ್ಲ.

ಅವರು ತುತ್ತನ್ನು ಬಾಯಿಗಿಟ್ಟರು. ಅಗಿದರು. ನುಂಗಿದರು.

ನಾನು ಬುಟ್ಟಿ ಇಳಿಸಿ, ಗಲ್ಲಾದ ಹತ್ತಿರ ಹೋದೆ. “ಇನ್ನೊಂದು ಹಾಕ್ಲೇನ್ರಿ ಭಾವಾರ?”

ಅವರು ನನ್ನ ಮುಖ ನೋಡಲಿಲ್ಲ. “ಹಾಕು” ಎಂದರು.

ಎರಡು ಹಾಕಿದೆ.